ಕರೆಂಟು ತೆಗೆಯದೆ ಕಾರ್ಡು ಬದಲಿಸುವುದು ಹೇಗೆ?

ಮಳೆಗಾಲದ ಕೊಡಗಿನಲ್ಲಿ ಇನ್ವರ್ಟರ್ ನಂಬಿ ಬದುಕುವವರಿಗೆ ಒಂದು ಕಿಡಿಯ ಪರಿಚಯ ಇದ್ದೇ ಇರುತ್ತದೆ. ಬ್ಯಾಟರಿಗೆ ಕೊನೆಯ ವೈರು ಮುಟ್ಟಿಸುವಾಗ ‘ಚಟ್’ ಎಂದು ಹಾರುತ್ತದಲ್ಲ, ಅದು. ಇನ್ವರ್ಟರ್ ಸ್ವಿಚ್ ಆಫ್ ಆಗಿದ್ದರೂ ಎಷ್ಟೋ ಸಲ ಹಾರುತ್ತದೆ. ಒಳಗೆ ಕೆಪಾಸಿಟರ್‌ಗಳು, ಅಂದರೆ ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವ ಬಿಡಿಭಾಗಗಳು, ಖಾಲಿ ಕೂತಿರುತ್ತವೆ. ಖಾಲಿ ಕೆಪಾಸಿಟರ್ ಆ ಕ್ಷಣಕ್ಕೆ ಹೆಚ್ಚುಕಡಿಮೆ ಶಾರ್ಟ್ ಸರ್ಕ್ಯೂಟ್ ಇದ್ದಂತೆಯೇ. ತುಂಬುವವರೆಗೆ ಸಿಕ್ಕಷ್ಟು ಕರೆಂಟನ್ನು ಎಳೆದುಕೊಳ್ಳುತ್ತದೆ.

ಮನೆಯಲ್ಲಾದರೆ ಬೆಚ್ಚಿಬಿದ್ದು ಕೈ ಹಿಂದೆಗೆಯುತ್ತೇವೆ, ಅಷ್ಟೇ. ಭಾಗಮಂಡಲದ ಕಡೆಯ ಯಾವುದೋ ಗುಡ್ಡದ ಮೊಬೈಲ್ ಟವರ್ ಬುಡದಲ್ಲಿ ಇದೇ ಕಿಡಿ ಹಾರಿದರೆ ಕಥೆ ಬೇರೆ. ಅಲ್ಲಿನ ಕಪಾಟಿನಲ್ಲಿ ಸಾಲಾಗಿ ಕಾರ್ಡುಗಳು, ಅಂದರೆ ಸ್ಲಾಟಿಗೆ ತಳ್ಳಿ ಕೂರಿಸುವ ಸರ್ಕ್ಯೂಟ್ ಹಲಗೆಗಳು, ಇರುತ್ತವೆ, ಎಲ್ಲಕ್ಕೂ ಒಂದೇ ಪವರ್ ಲೈನು. ಒಂದು ಕಾರ್ಡು ಕೆಟ್ಟಿತೆಂದು ಇಡೀ ಟವರ್ ಆಫ್ ಮಾಡಿ ಬದಲಿಸೋಣ ಎನ್ನಲು ಕಕ್ಕಡದ ಮಳೆ ಬಿಡುವುದಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆಗಳು ಕಡಿದುಹೋದಾಗ ಒಂದು ಕಡ್ಡಿ ಸಿಗ್ನಲ್‌ಗೆ ಎಷ್ಟು ಬೆಲೆ ಇತ್ತೆಂದು ಮಕ್ಕಂದೂರು, ಜೋಡುಪಾಲದವರಿಗೆ ನಾನು ಹೇಳಬೇಕಾಗಿಲ್ಲ. ಹಾಗಾಗಿ ಕಾರ್ಡನ್ನು ಲೈನಿನಲ್ಲಿ ಕರೆಂಟು ಇರುವಾಗಲೇ ಎಳೆದು, ಹೊಸದನ್ನು ತಳ್ಳಬೇಕು. ಇದಕ್ಕೆ ಹಾಟ್ ಸ್ವಾಪ್ ಎನ್ನುತ್ತಾರೆ.

ಟೆಲಿಕಾಂ ಉಪಕರಣಗಳ ಪವರ್ ಸಾಮಾನ್ಯವಾಗಿ ಮೈನಸ್ 48 ವೋಲ್ಟ್ ಡಿಸಿ. ಅಂದರೆ ಬ್ಯಾಟರಿಯ ಪ್ಲಸ್ ತುದಿ ಭೂಮಿಗೆ. ನೆಲದೊಳಗಿನ ತಾಮ್ರದ ಕೇಬಲ್ ತೇವಕ್ಕೆ ಬೇಗ ಸವೆಯದಿರಲೆಂದು ಹಳೆಯ ಟೆಲಿಫೋನ್ ಕಾಲದಲ್ಲೇ ಮಾಡಿಕೊಂಡ ಏರ್ಪಾಡು ಇದು. 48 ಎನ್ನುವುದೂ ಹೆಸರಿಗಷ್ಟೇ. 24 ಸೆಲ್‌ಗಳ ಲೆಡ್ ಆ್ಯಸಿಡ್ ಬ್ಯಾಟರಿ ಚಾರ್ಜಿನಲ್ಲಿದ್ದಾಗ 54 ವೋಲ್ಟ್ ಆಸುಪಾಸಿನಲ್ಲಿರುತ್ತದೆ. ಲೆಕ್ಕಕ್ಕೆ 48 ಎಂದೇ ಇಟ್ಟುಕೊಳ್ಳೋಣ. ಕಾರ್ಡಿನಲ್ಲಿ 1000 ಮೈಕ್ರೋಫ್ಯಾರಡ್ ಕೆಪಾಸಿಟರ್, ದಾರಿಯಲ್ಲಿ ಒಟ್ಟು 0.1 ಓಮ್ ಪ್ರತಿರೋಧ ಇದ್ದರೆ ಮೊದಲ ಕ್ಷಣದಲ್ಲಿ 480 ಆಂಪಿಯರ್‌ವರೆಗೆ ನುಗ್ಗಬಹುದು. ಕನೆಕ್ಟರಿನ ಪಿನ್ ಸುಟ್ಟು ಗುಳಿ ಬೀಳುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಲೈನಿನ ವೋಲ್ಟೇಜ್ ಕುಸಿದು, ಪಕ್ಕದ ಸ್ಲಾಟಿನಲ್ಲಿ ತಮ್ಮ ಪಾಡಿಗೆ ಕೆಲಸ ಮಾಡುತ್ತಿದ್ದ ಕಾರ್ಡುಗಳೂ ರೀಸೆಟ್ ಆಗುತ್ತವೆ. ಒಂದನ್ನು ಸರಿಮಾಡಲು ಹೋಗಿ ನಾಲ್ಕನ್ನು ಮಲಗಿಸಿದ ಹಾಗೆ.

ಇದನ್ನು ತಡೆಯಲು ಕಾರ್ಡಿನ ಹೊಸಿಲಲ್ಲೇ ಒಂದು ಸಣ್ಣ ಚಿಪ್ ಕೂತಿರುತ್ತದೆ, ಅದೇ ಹಾಟ್ ಸ್ವಾಪ್ ಕಂಟ್ರೋಲರ್. ಕರೆಂಟು ಇದರ ಮೂಲಕ ಹರಿಯುವುದಿಲ್ಲ, ಪಕ್ಕದ ಮಾಸ್‌ಫೆಟ್ ಎಂಬ ಟ್ರಾನ್ಸಿಸ್ಟರ್ ಮೂಲಕ ಹರಿಯುತ್ತದೆ. ಚಿಪ್ ಅದರ ಗೇಟನ್ನು, ಅಂದರೆ ಹರಿವನ್ನು ಹೆಚ್ಚುಕಡಿಮೆ ಮಾಡುವ ತುದಿಯನ್ನು, ಹಿಡಿದು ಆಡಿಸುತ್ತದೆ. ಕಾರ್ಡು ತಳ್ಳುವಾಗ ಪಿನ್‌ಗಳು ಕೂಡಿ, ಬಿಟ್ಟು, ಮತ್ತೆ ಕೂಡಿ ಕುಣಿಯುತ್ತವೆ. ಕುಣಿತ ನಿಲ್ಲಲೆಂದು ಚಿಪ್ ಹತ್ತಾರು ಮಿಲಿಸೆಕೆಂಡು ಸುಮ್ಮನೆ ಕಾಯುತ್ತದೆ. ಕೆಲವು ಕನೆಕ್ಟರುಗಳಲ್ಲಿ ಒಂದು ಪಿನ್ ಬೇಕೆಂದೇ ಗಿಡ್ಡ. ಎಲ್ಲಕ್ಕಿಂತ ಕೊನೆಗೆ ಕೂಡುತ್ತದೆ, ಎಳೆಯುವಾಗ ಮೊದಲು ಬಿಡುತ್ತದೆ, ಚಿಪ್‌ಗೆ ಅದೇ ಸೂಚನೆ. ಪೆನ್‌ಡ್ರೈವಿನ ಬಾಯಿ ನೋಡಿ: ಅಂಚಿನ ಎರಡು ಪವರ್ ಪಟ್ಟಿಗಳು ನಡುವಿನ ಡೇಟಾ ಪಟ್ಟಿಗಳಿಗಿಂತ ಉದ್ದವಾಗಿರುತ್ತವೆ. ಪವರ್ ಮೊದಲು, ಮಾತು ಆಮೇಲೆ.

ಆಮೇಲೆ ಗೇಟು ನಿಧಾನಕ್ಕೆ ತೆರೆಯುತ್ತದೆ. ಮೇಲಿನ ಲೆಕ್ಕದ ಕೆಪಾಸಿಟರನ್ನು 20 ಮಿಲಿಸೆಕೆಂಡಿನಲ್ಲಿ ತುಂಬಿಸಿದರೆ ಕರೆಂಟು ಬರೀ 2.4 ಆಂಪಿಯರ್. ಎಲ್ಲಿಯ 480, ಎಲ್ಲಿಯ 2.4!

ಇಷ್ಟು ಹೇಳಿ ಮುಗಿಸಿದರೆ ಚಿಪ್ ಏನೋ ಪವಾಡ ಮಾಡಿತು ಅನ್ನಿಸಬಹುದು. ನನಗೆ ಕುತೂಹಲ ಹುಟ್ಟಿಸುವುದು ಅದು ಮಾಡಲಾಗದ ಕೆಲಸ. ಕೆಪಾಸಿಟರನ್ನು ಸ್ಥಿರ ವೋಲ್ಟೇಜಿನಿಂದ ತುಂಬಿಸುವಾಗ ಒಳಗೆ ಎಷ್ಟು ಶಕ್ತಿ ಸೇರುತ್ತದೋ ಅಷ್ಟೇ ಶಕ್ತಿ ದಾರಿಯಲ್ಲಿ ಶಾಖವಾಗಿ ಹೋಗಲೇಬೇಕು. ಬೇಗ ತುಂಬಿಸಿ, ನಿಧಾನ ತುಂಬಿಸಿ, ಲೆಕ್ಕ ಬದಲಾಗದು. ನಮ್ಮ ಉದಾಹರಣೆಯಲ್ಲಿ ಅದು ಸುಮಾರು 1.15 ಜೂಲ್, ಒಂದು ಕಿಲೋ ಕಾಫಿ ಬೀಜವನ್ನು ಅರ್ಧ ಗೇಣು ಎತ್ತುವಷ್ಟು. ಏನು ಮಹಾ ಅನ್ನಬಹುದು. ಆದರೆ ಕಿಡಿ, ವೈರು, ಪಿನ್ನುಗಳಲ್ಲಿ ಹಂಚಿಹೋಗುತ್ತಿದ್ದ ಆ ಶಾಖವೆಲ್ಲ ಈಗ ಉಗುರಿಗಿಂತ ಚಿಕ್ಕ ಸಿಲಿಕಾನ್ ತುಣುಕಿನ ತಲೆಗೆ ಬಂತು. ಶುರುವಿನಲ್ಲಿ ಪೂರ್ತಿ 48 ವೋಲ್ಟ್ ಮಾಸ್‌ಫೆಟ್ ಮೇಲೇ ಇರುವುದರಿಂದ ಅದು ಉಣ್ಣುವ ಶಾಖ 115 ವ್ಯಾಟ್.

ಪೂರ್ತಿ ತೆರೆದ ಮಾಸ್‌ಫೆಟ್ ಶಾಂತ ಸ್ವಭಾವದ್ದು: ಬಿಸಿಯಾದ ಜಾಗದಲ್ಲಿ ಪ್ರತಿರೋಧ ಏರಿ, ಕರೆಂಟು ತಾನಾಗಿ ತಂಪು ಜಾಗಕ್ಕೆ ಸರಿಯುತ್ತದೆ. ಅರ್ಧ ತೆರೆದಾಗ ಅದರ ಬುದ್ಧಿ ತಿರುಗುಮುರುಗು. ಬಿಸಿಯಾದ ಚುಕ್ಕೆ ಕಡಿಮೆ ಗೇಟ್ ವೋಲ್ಟೇಜಿಗೇ ಬಾಗಿಲು ತೆರೆದು ಇನ್ನಷ್ಟು ಕರೆಂಟು ಎಳೆಯುತ್ತದೆ, ಇನ್ನಷ್ಟು ಬಿಸಿಯಾಗುತ್ತದೆ, ಕೊನೆಗೆ ಅಲ್ಲೇ ಕರಗುತ್ತದೆ. ಇದಕ್ಕೆ ಸ್ಪಿರಿಟೊ ಪರಿಣಾಮ ಎಂಬ ಹೆಸರಿದೆ. ಹೊಸ ತಲೆಮಾರಿನ, ಪ್ರತಿರೋಧ ತೀರಾ ಕಡಿಮೆ ಇರುವ ಮಾಸ್‌ಫೆಟ್‌ಗಳೇ ಇದಕ್ಕೆ ಹೆಚ್ಚು ಬಲಿಯಾಗುವುದು ವಿಚಿತ್ರ. ಕಡಿಮೆ ಓಮ್ ನೋಡಿ ಕೊಂಡರೆ ಸಾಲದು, ಎಷ್ಟು ವೋಲ್ಟೇಜಿಗೆ ಎಷ್ಟು ಕರೆಂಟನ್ನು ಎಷ್ಟು ಹೊತ್ತು ತಾಳುತ್ತದೆಂಬ ನಕ್ಷೆಯನ್ನೂ ನೋಡಬೇಕು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಎಲ್‌ಎಂ5069, ಮೈನಸ್ ಲೈನಿಗಾಗಿ ಇರುವ ಎಲ್‌ಎಂ5067 ಮುಂತಾದ ಚಿಪ್‌ಗಳು ಕರೆಂಟಿನ ಜೊತೆ ಮಾಸ್‌ಫೆಟ್ ಮೇಲಿನ ವೋಲ್ಟೇಜನ್ನೂ ಗಮನಿಸಿ, ಎರಡರ ಗುಣಲಬ್ಧ ಮಿತಿ ಮೀರದಂತೆ ಹಿಡಿಯುವುದು ಇದೇ ಕಾರಣಕ್ಕೆ. ಕೆಪಾಸಿಟರ್ ತುಂಬುವವರೆಗೆ ಮುಂದಿನ ಸರ್ಕ್ಯೂಟ್ ಏಳಕೂಡದು; ತುಂಬಿದ ಮೇಲೆ ‘ಪವರ್ ಗುಡ್’ ಎಂಬ ಸಂಕೇತ ಹೋಗುತ್ತದೆ.

ಕಾರ್ಡು ಕೂತ ಮೇಲೂ ಚಿಪ್ ನಿದ್ದೆ ಮಾಡುವಂತಿಲ್ಲ. ದಾರಿಯಲ್ಲಿ ಕೆಲವೇ ಮಿಲಿಓಮ್‌ನ ರೆಸಿಸ್ಟರ್ ಇಟ್ಟು ಕರೆಂಟು ಅಳೆಯುತ್ತಿರುತ್ತದೆ: 5 ಮಿಲಿಓಮ್ ಮೇಲೆ 50 ಮಿಲಿವೋಲ್ಟ್ ಕಂಡರೆ 10 ಆಂಪಿಯರ್. ಮಿತಿ ದಾಟಿದರೆ ಕರೆಂಟನ್ನು ಅಲ್ಲೇ ಹಿಡಿದು, ಒಂದಿಷ್ಟು ಹೊತ್ತು ನೋಡಿ, ಕಡಿದುಹಾಕುತ್ತದೆ. ನೇರ ಶಾರ್ಟ್ ಆದರೆ ಮೈಕ್ರೋಸೆಕೆಂಡಿನ ಆಸುಪಾಸಿನಲ್ಲೇ ಪ್ರತಿಕ್ರಿಯಿಸುತ್ತದೆ. ಹಾಗೆ ಥಟ್ಟನೆ ಕಡಿದಾಗ ಉದ್ದ ಕೇಬಲ್‌ನ ಇಂಡಕ್ಟೆನ್ಸ್, ಅಂದರೆ ಕರೆಂಟಿನ ದಿಢೀರ್ ಬದಲಾವಣೆಯನ್ನು ವಿರೋಧಿಸುವ ಗುಣ, ಸುಮ್ಮನಿರದೆ ವೋಲ್ಟೇಜನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಅದನ್ನು ನುಂಗಲು ಟಿವಿಎಸ್ ಡಯೋಡ್ ಎಂಬ, ವೋಲ್ಟೇಜ್ ಮಿತಿ ಮೀರಿದಾಗ ಕರೆಂಟಿಗೆ ದಾರಿ ಬಿಡುವ ಬಿಡಿಭಾಗ ಬೇಕು.

ಕಡಿದ ಮೇಲೆ? ಕೆಲವು ಚಿಪ್‌ಗಳು ಯಾರಾದರೂ ಬಂದು ರೀಸೆಟ್ ಮಾಡುವವರೆಗೆ ಬಾಗಿಲು ಹಾಕಿಕೊಂಡಿರುತ್ತವೆ, ಕೆಲವು ತಾವೇ ಮತ್ತೆ ಪ್ರಯತ್ನಿಸುತ್ತವೆ. ಮಡಿಕೇರಿಯ ಆಫೀಸಿನ ಸರ್ವರ್‌ಗೆ ಮೊದಲನೆಯದು ಸರಿ, ಮನುಷ್ಯರು ಹತ್ತಿರದಲ್ಲೇ ಇರುತ್ತಾರೆ. ಜಿಗಣೆ ಕಾಟದ ದಾರಿಯಲ್ಲಿ ಹತ್ತಿ ಹೋಗಬೇಕಾದ ಟವರಿಗೆ ನನ್ನ ಮತ ಎರಡನೆಯದಕ್ಕೆ. ಆದರೆ ಶಾರ್ಟ್ ನಿಜವಾಗಿಯೂ ಉಳಿದಿದ್ದರೆ ಪ್ರತಿ ಪ್ರಯತ್ನವೂ ಮಾಸ್‌ಫೆಟ್‌ಗೆ ಮತ್ತೊಂದು ಪೆಟ್ಟು. ಅದಕ್ಕೇ ಕೆಲವು ಮಿಲಿಸೆಕೆಂಡು ಪ್ರಯತ್ನಿಸಿದ ಮೇಲೆ ಅದರ ಎಷ್ಟೋ ಪಟ್ಟು ಹೊತ್ತು ಆರಲು ಬಿಟ್ಟು ಮತ್ತೆ ಕೈಹಾಕುವಂತೆ ಟೈಮರ್ ಹೊಂದಿಸುತ್ತಾರೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಸಿಡಿಲಿಗೆ ಮಾತ್ರ ಈ ಚಿಪ್ ಉತ್ತರವಲ್ಲ. ಆ ಕೆಲಸ ಟವರಿನ ಅರ್ಥಿಂಗ್ ಮತ್ತು ಸರ್ಜ್ ಅರೆಸ್ಟರ್‌ಗಳದ್ದು.