ಉತ್ತರ ಗೊತ್ತಿದ್ದೇ ಮಾಡುವ ಪರೀಕ್ಷೆ

ಎರಡು ವರ್ಷದ ಹಿಂದೆ ನಮ್ಮ ದೊಡ್ಡಮ್ಮನ ರಕ್ತಪರೀಕ್ಷೆಯ ರಿಪೋರ್ಟು ಸಂಜೆ ಹೊತ್ತಿಗೆ ಮೊಬೈಲಿಗೆ ಬಂತು. ಪೊಟ್ಯಾಶಿಯಂ 9.1 ಎಂದಿತ್ತು. ಲೀಟರಿಗೆ 3.5ರಿಂದ 5 ಮಿಲಿಮೋಲ್ ಒಳಗೆ ಇರಬೇಕಾದದ್ದು ಅದು. 7 ದಾಟಿದರೆ ಎದೆಬಡಿತ ಹದ ತಪ್ಪಿ ಜೀವಕ್ಕೇ ಕುತ್ತು. ದೊಡ್ಡಮ್ಮ ಮಾತ್ರ ಪಡಸಾಲೆಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು. ಕಾರು ಮಾಡಿಸಿಕೊಂಡು ಆಸ್ಪತ್ರೆಗೆ ಓಡಿದೆವು. ಇಸಿಜಿಯಲ್ಲಿ ಏನೂ ತೊಂದರೆ ಕಾಣಲಿಲ್ಲ. ಡ್ಯೂಟಿ ಡಾಕ್ಟರು ಅದೇ ರಿಪೋರ್ಟನ್ನು ಇನ್ನೊಮ್ಮೆ ನೋಡಿ, ನಾವ್ಯಾರೂ ಗಮನಿಸದ ಒಂದು ಸಾಲಿನ ಮೇಲೆ ಬೆರಳಿಟ್ಟರು. ಕ್ಯಾಲ್ಸಿಯಂ 4.8. ಅದು ಡೆಸಿಲೀಟರಿಗೆ 8.5 ಮಿಲಿಗ್ರಾಂಗಿಂತ ಕೆಳಗೆ ಇಳಿಯಬಾರದು. "ಇದು ನೇರಳೆ ಮುಚ್ಚಳದ ಟ್ಯೂಬಿನ ರಕ್ತ" ಎಂದರು. ಹೊಸದಾಗಿ ರಕ್ತ ತೆಗೆದು ನೋಡಿದಾಗ ಪೊಟ್ಯಾಶಿಯಂ 4.3.

ನೇರಳೆ ಮುಚ್ಚಳದ ಟ್ಯೂಬು ರಕ್ತಕಣಗಳ ಎಣಿಕೆಗೆ. ರಕ್ತ ಹೆಪ್ಪುಗಟ್ಟದಿರಲೆಂದು ಅದರೊಳಗೆ ಇಡಿಟಿಎ ಎಂಬ ಲವಣ ಸವರಿರುತ್ತಾರೆ. ಆ ಲವಣದಲ್ಲೇ ಪೊಟ್ಯಾಶಿಯಂ ಇದೆ, ಮತ್ತು ಅದು ಹೆಪ್ಪು ತಡೆಯುವುದೇ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಂಡು. ಪೊಟ್ಯಾಶಿಯಂ, ಕ್ಯಾಲ್ಸಿಯಂ ಅಳೆಯುವ ಕೆಂಪು ಮುಚ್ಚಳದ ಟ್ಯೂಬಿಗೆ ರಕ್ತ ಸಾಲಲಿಲ್ಲವೆಂದು ಯಾರೋ ನೇರಳೆಯದರಿಂದ ಸ್ವಲ್ಪ ಬಗ್ಗಿಸಿದ್ದರು. ಒಂದು ಏರಿತು, ಇನ್ನೊಂದು ಇಳಿಯಿತು. ಟ್ಯೂಬಿನಲ್ಲಿ ಏನಿತ್ತೋ ಅದನ್ನು ಯಂತ್ರ ಸರಿಯಾಗಿಯೇ ಅಳೆದಿತ್ತು.

ಲ್ಯಾಬಿನ ತಪ್ಪು ಅಂದರೆ ನಾವೆಲ್ಲ ಯಂತ್ರದ ಕಡೆ ನೋಡುತ್ತೇವೆ. ಆದರೆ ಈ ಬಗ್ಗೆ ನಡೆದ ಅಧ್ಯಯನಗಳಲ್ಲಿ ಹೆಚ್ಚಿನ ತಪ್ಪುಗಳು ಸಿಕ್ಕಿದ್ದು ಸ್ಯಾಂಪಲ್ ಯಂತ್ರ ಮುಟ್ಟುವ ಮೊದಲೇ: ಯಾರದೋ ಹೆಸರಿನ ಚೀಟಿ ಯಾರದೋ ಟ್ಯೂಬಿಗೆ ಅಂಟಿದ್ದು, ಸಣ್ಣ ಸೂಜಿಯಲ್ಲಿ ಜೋರಾಗಿ ಎಳೆದು ರಕ್ತಕಣ ಒಡೆದದ್ದು, ಟ್ಯೂಬು ಬಿಸಿಲಲ್ಲಿ ಬೈಕಿನ ಡಬ್ಬಿಯೊಳಗೆ ಕೂತದ್ದು. ಕೆಂಪುಕಣದ ಒಳಗಿನ ಪೊಟ್ಯಾಶಿಯಂ ಹೊರಗಿನದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು, ಹಾಗಾಗಿ ಕಣ ಒಡೆದರೂ ಅದೇ ಸುಳ್ಳು ಏರಿಕೆ. ಸಕ್ಕರೆಯದು ತಿರುಗಾಮುರುಗಾ. ರಕ್ತ ಮೈಯಿಂದ ಹೊರಬಂದ ಮೇಲೂ ಕಣಗಳು ಸಕ್ಕರೆ ತಿನ್ನುತ್ತಲೇ ಇರುತ್ತವೆ, ಗಂಟೆಗೆ ಸುಮಾರು 5ರಿಂದ 7 ಶೇಕಡಾ. ತಾಲ್ಲೂಕಿನಲ್ಲಿ ತೆಗೆದ ರಕ್ತ ಮೂರು ಗಂಟೆ ಪ್ರಯಾಣ ಮಾಡಿ ಜಿಲ್ಲಾ ಕೇಂದ್ರದ ಲ್ಯಾಬು ಸೇರುವ ಹೊತ್ತಿಗೆ ಸಕ್ಕರೆ ಕಾಯಿಲೆಯ ಅಂಚಿನಲ್ಲಿರುವವರು ನೆಟ್ಟಗಿದ್ದಾರೆ ಎಂದು ರಿಪೋರ್ಟು ಬರಬಹುದು.

ಹಾಗೆಂದು ಯಂತ್ರವನ್ನು ಕುರುಡಾಗಿ ನಂಬುವಂತಿಲ್ಲ. 1947ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಬೆಲ್ಕ್ ಮತ್ತು ಸಂಡರ್‌ಮನ್ ಎಂಬಿಬ್ಬರು ಒಂದೇ ಬಗೆಯ ಸ್ಯಾಂಪಲುಗಳನ್ನು ಹಲವು ಆಸ್ಪತ್ರೆಗಳ ಲ್ಯಾಬುಗಳಿಗೆ ಕಳಿಸಿ ನೋಡಿದರು. ಬಂದ ಉತ್ತರಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಅಲ್ಲಿಂದ ಮೂರೇ ವರ್ಷಕ್ಕೆ, 1950ರಲ್ಲಿ, ಲೆವಿ ಮತ್ತು ಜೆನ್ನಿಂಗ್ಸ್ ಕಾರ್ಖಾನೆಗಳಲ್ಲಿ ಬಳಕೆಯಲ್ಲಿದ್ದ ಒಂದು ನಕ್ಷೆಯನ್ನು ಲ್ಯಾಬಿಗೆ ತಂದರು. ಇವತ್ತಿಗೂ ಪ್ರತಿ ಒಳ್ಳೆಯ ಲ್ಯಾಬಿನ ಬೆಳಗು ಶುರುವಾಗುವುದು ಅದರಿಂದಲೇ.

ಅದರ ಕ್ರಮ ಹೀಗೆ. ರೋಗಿಗಳ ಸ್ಯಾಂಪಲ್ ಹಾಕುವ ಮೊದಲು ಟೆಕ್ನಿಷಿಯನ್ ಫ್ರಿಜ್ಜಿನಿಂದ ಕಂಟ್ರೋಲ್ ಸೀರಂನ, ಅಂದರೆ ತಾಳೆ ನೋಡಲೆಂದೇ ಇಟ್ಟ ರಕ್ತದ ತಿಳಿಯ, ಬಾಟಲಿ ತೆಗೆದು ಯಂತ್ರಕ್ಕೆ ಇಡುತ್ತಾರೆ. ಅದರಲ್ಲಿ ಏನೆಷ್ಟಿದೆ ಎಂಬುದು ಮೊದಲೇ ಗೊತ್ತು. ಯಂತ್ರ ಕೊಟ್ಟ ಉತ್ತರವನ್ನು ದಿನಕ್ಕೊಂದು ಚುಕ್ಕೆಯಾಗಿ ನಕ್ಷೆಯಲ್ಲಿ ಗುರುತಿಸುತ್ತಾರೆ. ನಡುವೆ ಸರಾಸರಿಯ ಗೆರೆ, ಮೇಲೆ ಕೆಳಗೆ ಮಿತಿಯ ಗೆರೆಗಳು. ಎಲ್ಲವೂ ಸರಿಯಿದ್ದಾಗಲೂ ಇಪ್ಪತ್ತರಲ್ಲಿ ಒಂದು ಚುಕ್ಕೆ ಮೊದಲನೇ ಮಿತಿ ದಾಟುವುದುಂಟು, ಅದಕ್ಕೆ ಗಾಬರಿ ಬೇಡ. ಆದರೆ ಹತ್ತು ದಿನದಿಂದ ಚುಕ್ಕೆಗಳೆಲ್ಲ ಗೆರೆಯ ಒಂದೇ ಬದಿಗೆ ಬೀಳುತ್ತಿವೆ ಎಂದರೆ, ಮಿತಿಯೊಳಗೇ ಇದ್ದರೂ ಯಂತ್ರ ಮೆಲ್ಲಗೆ ಜಾರುತ್ತಿದೆ ಎಂದರ್ಥ. ಯಾವುದು ಬರೀ ಆಕಸ್ಮಿಕ, ಯಾವುದು ನಿಜವಾದ ಕೆಡುಕು ಎಂದು ಬೇರ್ಪಡಿಸಲು 1981ರಲ್ಲಿ ಬಂದ ವೆಸ್ಟ್‌ಗಾರ್ಡ್ ನಿಯಮಗಳು ಈಗ ಎಲ್ಲ ಕಡೆ ಬಳಕೆಯಲ್ಲಿವೆ.

ಕಷ್ಟವಿರುವುದು ಚುಕ್ಕೆ ಹೊರಗೆ ಬಿದ್ದಾಗ. ಹೊರಗೆ ಉಪವಾಸ ಬಂದವರು ಸಾಲಾಗಿ ಕೂತಿದ್ದಾರೆ, ವಾರ್ಡಿನಿಂದ ಫೋನಿನ ಮೇಲೆ ಫೋನು. ಕಂಟ್ರೋಲನ್ನು ಇನ್ನೊಮ್ಮೆ ಓಡಿಸು, ಮತ್ತೊಮ್ಮೆ ಓಡಿಸು, ಒಳಗೆ ಬಿದ್ದ ಕೂಡಲೇ ಶುರು ಹಚ್ಚಿಕೋ ಎನ್ನುವ ಆಸೆ ಯಾರಿಗೂ ಬರುತ್ತದೆ. ಹಾಗೆ ಮಾಡಿದರೆ ಬೆಳಗಿನ ಆ ಇಡೀ ಕೆಲಸ ದಂಡ. ಆ ಒಂದು ಪರೀಕ್ಷೆಯ ರಿಪೋರ್ಟು ತಡೆಹಿಡಿದು, ರೀಜೆಂಟ್, ಅಂದರೆ ಪರೀಕ್ಷೆಗೆ ಬಳಸುವ ರಾಸಾಯನಿಕ, ಸರಿಯಿದೆಯೇ ನೋಡಿ, ಯಂತ್ರದ ಅಳತೆ ಹೊಂದಿಸುವ ಕ್ಯಾಲಿಬ್ರೇಷನ್ ಮಾಡಿ, ಏನಾಗಿತ್ತೆಂದು ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಬೇಕು. ನನ್ನ ಮಟ್ಟಿಗೆ ಲ್ಯಾಬಿನ ಗುಣಮಟ್ಟ ಎಂದರೆ ಹೀಗೆ ತಡೆಹಿಡಿಯುವ ಧೈರ್ಯ, ಮತ್ತು ತಡೆಹಿಡಿದವರನ್ನು ಗದರಿಸದ ಮೇಲಧಿಕಾರಿ.

ಲ್ಯಾಬಿನೊಳಗಿನ ಈ ತಪಾಸಣೆಯ ಜೊತೆಗೆ ಹೊರಗಿನದೂ ಬೇಕು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಂಥ (ಸಿಎಂಸಿ) ಸಂಸ್ಥೆಗಳು ಉತ್ತರ ಹೇಳದೆ ಸ್ಯಾಂಪಲ್ ಕಳಿಸಿ, ದೇಶದ ಲ್ಯಾಬುಗಳ ಫಲಿತಾಂಶವನ್ನು ಹೋಲಿಸಿ ಹೇಳುತ್ತವೆ. ಇನ್ನು ಮಾನ್ಯತೆಯ ವಿಷಯ. ವೈದ್ಯಕೀಯ ಲ್ಯಾಬುಗಳಿಗೆ 2003ರಲ್ಲಿ ಮೊದಲು ಬಂದು 2022ರಲ್ಲಿ ಪರಿಷ್ಕೃತವಾದ ಐಎಸ್‌ಒ 15189 ಮಾನದಂಡ ಇದೆ, ನಮ್ಮಲ್ಲಿ ಅದರಂತೆ ಮಾನ್ಯತೆ ಕೊಡುವುದರಲ್ಲಿ ಎನ್‌ಎಬಿಎಲ್ ಎಂಬ ರಾಷ್ಟ್ರೀಯ ಮಂಡಳಿ ಮುಖ್ಯವಾದದ್ದು. ಮಾನ್ಯತೆ ಸಿಗುವುದು ಒಂದೊಂದು ಪರೀಕ್ಷೆಗೆ ಎಂಬುದು ಬಹಳ ಜನಕ್ಕೆ ತಿಳಿಯದು. ಗೋಡೆಯ ಮೇಲೆ ಪ್ರಮಾಣಪತ್ರ ಇದ್ದ ಮಾತ್ರಕ್ಕೆ ನಿಮ್ಮ ಥೈರಾಯ್ಡ್ ಪರೀಕ್ಷೆ ಆ ಪಟ್ಟಿಯಲ್ಲಿದೆ ಎಂದಲ್ಲ. ಕೇಳಿ ನೋಡಿ. ಕೇಳುವುದು ನಿಮ್ಮ ಹಕ್ಕು.

ನನಗೆ ಹೆಚ್ಚು ಸಂಕಟವಾಗುವುದು ಪಶುಗಳ ಲ್ಯಾಬಿನ ವಿಷಯದಲ್ಲಿ. ದೊಡ್ಡಮ್ಮ "ನನಗೇನೂ ಆಗಿಲ್ಲ ಕಣೋ" ಎಂದಾದರೂ ಅಂದರು, ಮೇಕೆ ಏನನ್ನೂ ಹೇಳದು. ಮನುಷ್ಯನ ಕೆಂಪುಕಣದ ಗಾತ್ರ 80ರಿಂದ 100 ಫೆಮ್ಟೊಲೀಟರ್. ಮೇಕೆಯದು 16ರಿಂದ 25. ಮನುಷ್ಯರಿಗೆಂದು ಹೊಂದಿಸಿದ ಎಣಿಕೆ ಯಂತ್ರಕ್ಕೆ ಮೇಕೆಯ ರಕ್ತ ಹಾಕಿದರೆ ಅದು ಕೆಂಪುಕಣಗಳನ್ನು ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ತೀರ ಸಣ್ಣ ಕಣ, ಎಂದು ಎಣಿಸಬಹುದು. ಕೋಳಿಯ ಕೆಂಪುಕಣಕ್ಕೆ ನ್ಯೂಕ್ಲಿಯಸ್ಸೇ ಇದೆ, ಯಂತ್ರ ಅದನ್ನು ಬಿಳಿಕಣದ ಲೆಕ್ಕಕ್ಕೆ ಸೇರಿಸಿಬಿಡುತ್ತದೆ. ಪ್ರಾಣಿಗೆ ತಕ್ಕ ಸೆಟ್ಟಿಂಗ್, ಪ್ರಾಣಿಗೆ ತಕ್ಕ ಕಂಟ್ರೋಲ್, ಅನುಮಾನ ಬಂದರೆ ಗಾಜಿನ ಮೇಲೆ ರಕ್ತ ಸವರಿ ಕಣ್ಣಾರೆ ನೋಡುವ ಅಭ್ಯಾಸ, ಈ ಮೂರೂ ಬೇಕು.

ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ರೇಬೀಸ್ ಲ್ಯಾಬಿನಂತೆ ಅಂತರರಾಷ್ಟ್ರೀಯ ಮನ್ನಣೆ ಪಡೆದವು ನಮ್ಮಲ್ಲಿವೆ. ಆದರೆ ಹಳ್ಳಿಯ ಹಸುವಿನ ರಕ್ತ ಮೊದಲು ಹೋಗುವುದು ಹತ್ತಿರದ ಸಣ್ಣ ಲ್ಯಾಬಿಗೆ. ಸಣ್ಣದಾದರೆ ಗುಣಮಟ್ಟ ಸಾಧ್ಯವಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹಸು ದಿನ ತುಂಬುವ ಮೊದಲೇ ಕರು ಹಾಕುವ ಕಂದು ರೋಗಕ್ಕೆ, ಅಂದರೆ ಬ್ರುಸೆಲ್ಲೋಸಿಸ್‌ಗೆ, ಮಾಡುವ ರೋಸ್ ಬೆಂಗಾಲ್ ಪರೀಕ್ಷೆಯನ್ನೇ ನೋಡಿ. ಯಂತ್ರದ ಗೊಡವೆಯಿಲ್ಲ. ಬಿಳಿ ಹೆಂಚಿನ ಮೇಲೆ ಒಂದು ಹನಿ ಸೀರಂ, ಅಷ್ಟೇ ಗಾತ್ರದ ಗುಲಾಬಿ ಬಣ್ಣದ ಆಂಟಿಜನ್, ಅಂದರೆ ಆ ರೋಗಾಣುವನ್ನೇ ಕೊಂದು ಬಣ್ಣ ಹಾಕಿದ ದ್ರವ. ಆಂಟಿಜನ್ ಫ್ರಿಜ್ಜಿನ ತಣ್ಣಗಿನಿಂದ ಕೋಣೆಯ ಹದಕ್ಕೆ ಬಂದಿರಬೇಕು. ಕಲಸಿ, ಹೆಂಚನ್ನು ಅತ್ತಿತ್ತ ಆಡಿಸುತ್ತ ನಾಲ್ಕು ನಿಮಿಷಕ್ಕೆ ಸರಿಯಾಗಿ ನೋಡಬೇಕು. ರೋಗ ತಗುಲಿದ್ದರೆ ಹನಿ ಕಾಳುಗಟ್ಟಿರುತ್ತದೆ. ಹೊತ್ತು ಮೀರಿದರೆ ಅಂಚು ಒಣಗಿ ಇಲ್ಲದ ಕಾಳು ಕಂಡು, ರೋಗವಿಲ್ಲದ ಹಸುವಿನ ಮೇಲೆ ಅಪವಾದ ಬರುತ್ತದೆ. ರೋಗವಿದ್ದದ್ದು ತಪ್ಪಿಸಿಕೊಂಡರೆ ಅದು ಸಂತೆಯಲ್ಲಿ ಕೈ ಬದಲಾಗಿ, ಇನ್ನೊಬ್ಬರ ಕೊಟ್ಟಿಗೆಯಲ್ಲಿ ಏಳನೇ ತಿಂಗಳಿಗೆ ಕಂದು ಹಾಕುತ್ತದೆ. ಸತ್ತ ಕರುವನ್ನು ಬರಿಗೈಯಲ್ಲಿ ಎಳೆದ ರೈತನಿಗೂ ತಿಂಗಳುಗಟ್ಟಲೆ ಬಿಟ್ಟು ಬಿಟ್ಟು ಜ್ವರ, ಕೀಲುನೋವು.

ಆ ಹೆಂಚಿನ ಮೇಲೆ ಇನ್ನೆರಡು ಹನಿಗಳಿಗೆ ಜಾಗ ಬಿಡಬೇಕು. ರೋಗ ಇದೆ ಎಂದು ಗೊತ್ತಿರುವ ಸೀರಂ ಒಂದು, ಇಲ್ಲ ಎಂದು ಗೊತ್ತಿರುವುದು ಒಂದು. ನಾಲ್ಕನೇ ನಿಮಿಷಕ್ಕೆ ಮೊದಲು ನೋಡಬೇಕಾದದ್ದು ಆ ಎರಡನ್ನೇ. ಇದ್ದದ್ದು ಕಾಳುಗಟ್ಟಿ, ಇಲ್ಲದ್ದು ನುಣ್ಣಗೆ ಉಳಿದಿದ್ದರೆ ಮಾತ್ರ ಹಸುವಿನ ಹನಿಯ ಕಡೆ ಕಣ್ಣು ಹಾಯಿಸಬೇಕು.