ಹಡಗಿನಲ್ಲಿ ಊಟಕ್ಕೆ ಎರಡನೆಯ ಸಲ ದುಡ್ಡು ಕೊಡಬೇಕೇ?

ಓದುಗರ ಪ್ರಶ್ನೆ: ನಾವು ಕಲಬುರಗಿಯವರು. ನಾನೂ ನಮ್ಮ ಯಜಮಾನರೂ ನಿವೃತ್ತ ಶಿಕ್ಷಕರು, ಇಬ್ಬರೂ ಶುದ್ಧ ಸಸ್ಯಾಹಾರಿಗಳು. ಮಗ ಸಿಂಗಪುರದಿಂದ ಹೊರಡುವ ನಾಲ್ಕು ರಾತ್ರಿಯ ಕ್ರೂಸ್ ಟಿಕೆಟ್ ಮಾಡಿಸಿದ್ದಾನೆ. ಟಿಕೆಟಿನಲ್ಲೇ ಊಟ ಸೇರಿದೆಯಂತೆ. ಆದರೂ ಬೇರೆ ದುಡ್ಡು ಕೊಟ್ಟು ಉಣ್ಣುವ ಸ್ಪೆಷಾಲಿಟಿ ರೆಸ್ಟೋರೆಂಟಿನ ಮೂರು ಊಟದ ಪ್ಯಾಕೇಜ್ ತೆಗೆದುಕೊಳ್ಳೋಣ ಎನ್ನುತ್ತಿದ್ದಾನೆ. ಮೂರನೆಯ ರಾತ್ರಿ ನಮ್ಮ ಮದುವೆಯಾಗಿ ನಲವತ್ತು ವರ್ಷ ತುಂಬುತ್ತದೆ. ತೆಗೆದುಕೊಳ್ಳಬೇಕೇ, ಬೇಡವೇ?

ಅಕ್ಕನವರೇ, ಮೂರು ಊಟದ ಪ್ಯಾಕೇಜ್ ಬೇಡ. ಮೂರನೆಯ ರಾತ್ರಿಗೆ ಮಾತ್ರ ಒಂದು ಊಟ ಕೊಳ್ಳಿ. ಅದೂ ಯಾವ ರೆಸ್ಟೋರೆಂಟಿನಲ್ಲಿ ಎಂಬುದನ್ನು ನೋಡಿ ಕೊಳ್ಳಿ.

ನಮ್ಮೂರ ಖಾನಾವಳಿಯಲ್ಲಿ ಊಟದ ದರ ಒಂದೇ. ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಅನ್ನ, ಸಾರು, ಎಲ್ಲವೂ ಅದರೊಳಗೇ ಬಂತು. ಹೋಳಿಗೆ ಬೇಕೆಂದರೆ ಮೇಲೆ ಇಷ್ಟು ಎಂದು ಕೊಡುತ್ತೇವೆ. ಹಡಗಿನ ಲೆಕ್ಕವೂ ಮೇಲುನೋಟಕ್ಕೆ ಹೀಗೆಯೇ ಕಾಣುತ್ತದೆ: ಮುಖ್ಯ ಭೋಜನಶಾಲೆ, ಬಫೆ ಟಿಕೆಟಿನೊಳಗೆ, ಸ್ಪೆಷಾಲಿಟಿ ಅದರ ಮೇಲೆ. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಖಾನಾವಳಿಯಲ್ಲಿ ಹೋಳಿಗೆ ಊಟದ ಜೊತೆಗೆ ಬರುತ್ತದೆ. ಹಡಗಿನಲ್ಲಿ ಸ್ಪೆಷಾಲಿಟಿ ಊಟ ನೀವು ಆಗಲೇ ದುಡ್ಡು ಕೊಟ್ಟಿರುವ ಊಟದ ಬದಲಿಗೆ ಬರುತ್ತದೆ. ಬಿಟ್ಟ ಊಟದ ಹಣ ಮರಳುವುದಿಲ್ಲ. 1912ರ ಟೈಟಾನಿಕ್‌ನಲ್ಲೂ ಮೊದಲ ದರ್ಜೆಯವರಿಗೆ ಪ್ರತ್ಯೇಕ ದರದ ರೆಸ್ಟೋರೆಂಟ್ ಇತ್ತು; ಇಡೀ ಪ್ರಯಾಣ ಅಲ್ಲಿಯೇ ಉಣ್ಣುತ್ತೇವೆ ಎಂದವರಿಗೆ ಟಿಕೆಟಿನಲ್ಲಿ ರಿಯಾಯಿತಿ ಸಿಗುತ್ತಿತ್ತು. ಇಂದಿನ ಹಡಗುಗಳಲ್ಲಿ ಅಂಥ ಲೆಕ್ಕವಿಲ್ಲ. ನಾಲ್ಕು ರಾತ್ರಿಯಲ್ಲಿ ಮೂರು ರಾತ್ರಿ ಸ್ಪೆಷಾಲಿಟಿಗೆ ಹೋದರೆ, ಟಿಕೆಟಿನಲ್ಲಿ ಸೇರಿದ ಮುಖ್ಯ ಭೋಜನಶಾಲೆಯ ರಾತ್ರಿಯೂಟ ನಿಮಗೆ ಒಂದೇ ಸಲ ಸಿಕ್ಕಂತಾಯಿತು.

ಇನ್ನು ದುಡ್ಡು. ದೊಡ್ಡ ಕಂಪನಿಗಳ ಹಡಗುಗಳಲ್ಲಿ ಇಂಥ ರಾತ್ರಿಯೂಟಕ್ಕೆ ಸಾಮಾನ್ಯವಾಗಿ ತಲೆಗೆ 30ರಿಂದ 70 ಡಾಲರ್ ಇರುತ್ತದೆ. ಶೆಫ್ಸ್ ಟೇಬಲ್ ಎಂಬ ಹಲವು ಬಗೆಯ ಊಟವಾದರೆ 100 ಡಾಲರನ್ನೂ ದಾಟುತ್ತದೆ. 45 ಡಾಲರಿನದು ಎಂದು ಹಿಡಿಯೋಣ. ಅದರ ಮೇಲೆ ಟಿಪ್ಸ್ ಎಂದು ಶೇ 18ರಿಂದ 20ರಷ್ಟನ್ನು ಹೆಚ್ಚಿನ ಕಂಪನಿಗಳು ತಾವಾಗಿಯೇ ಬಿಲ್ಲಿಗೆ ಸೇರಿಸುತ್ತವೆ. ಶೇ 18 ಎಂದರೂ 53 ಡಾಲರ್ ಆಯಿತು. ಡಾಲರಿಗೆ 90 ರೂಪಾಯಿ ಹಿಡಿದರೆ ಒಬ್ಬರಿಗೆ 4,770 ರೂಪಾಯಿ, ಇಬ್ಬರಿಗೆ 9,540. ನಮ್ಮ ಬ್ಯಾಂಕಿನ ಕಾರ್ಡು ಉಜ್ಜಿದರೆ ವಿದೇಶಿ ವಹಿವಾಟಿನ ಶುಲ್ಕ ಬೇರೆ. ಹಡಗಿನಲ್ಲಿ ನಗದು ನಡೆಯುವುದಿಲ್ಲ, ಎಲ್ಲವೂ ಕ್ಯಾಬಿನ್ ಕಾರ್ಡಿನ ಲೆಕ್ಕಕ್ಕೆ ಸೇರುತ್ತ ಹೋಗಿ ಕೊನೆಯ ದಿನ ಒಟ್ಟಿಗೆ ಕಾಣುತ್ತದೆ. ಆದ್ದರಿಂದ ಈ ಲೆಕ್ಕವನ್ನು ಮನೆಯಲ್ಲೇ ಕೂತು ರೂಪಾಯಿಯಲ್ಲಿ ಹಾಕಿಕೊಳ್ಳುವುದು ಒಳ್ಳೆಯದು.

ನಿಮಗೆ ನಾನು ಮುಖ್ಯವಾಗಿ ಹೇಳಬೇಕಾದದ್ದು ಈ ದರದ ಒಳಗುಟ್ಟು. ತಲೆಗೆ ಇಷ್ಟು ಎಂದು ನಿಗದಿಯಾದ ದರವನ್ನು ಮಾಂಸದ ಬೆಲೆ ನೋಡಿ ಕಟ್ಟಿರುತ್ತಾರೆ. ಸ್ಟೇಕ್‌ಹೌಸ್ ಎಂದರೆ ದನದ ಮಾಂಸದ ಒಳ್ಳೆಯ ತುಂಡು, ದೊಡ್ಡ ಸೀಗಡಿ. ನೆಲದ ಮೇಲೆ ಅಂಥದ್ದಕ್ಕೆ ಇನ್ನೂ ಹೆಚ್ಚು ಕೊಡಬೇಕಾಗುತ್ತದೆ. ಅದನ್ನು ತಿನ್ನುವವರಿಗೆ 45 ಡಾಲರ್ ನಿಜಕ್ಕೂ ನ್ಯಾಯದ ದರ. ಸಸ್ಯಾಹಾರಿಯೂ ಅಷ್ಟೇ ತೆರಬೇಕು. ಕೆಲವು ವರ್ಷಗಳ ಹಿಂದೆ ನಾನು ನಮ್ಮ ತಾಯಿಯನ್ನು ಇಂಥದೊಂದು ಹಡಗಿನ ಸ್ಟೇಕ್‌ಹೌಸಿಗೆ ಕರೆದುಕೊಂಡು ಹೋಗಿದ್ದೆ. ಅವರ ತಟ್ಟೆಗೆ ಬಂದದ್ದು ಸುಟ್ಟ ಆಲೂಗಡ್ಡೆ, ಬೆಣ್ಣೆಯಲ್ಲಿ ಹುರಿದ ಅಣಬೆ, ಕೆನೆ ಹಾಕಿ ಬೇಯಿಸಿದ ಪಾಲಕ. ಬಡಿಸಿದ ಹುಡುಗ ಒಳ್ಳೆಯವನು, ಮೂರು ಸಲ ಬಂದು ಇನ್ನೇನು ತರಲಿ ಎಂದು ಕೇಳಿದ. ತರಲು ಅಲ್ಲಿ ಏನೂ ಇರಲಿಲ್ಲ. ಅವ್ವ ಏನೂ ಅನ್ನಲಿಲ್ಲ, ಕ್ಯಾಬಿನ್ನಿಗೆ ಬಂದು ಚೀಲದಿಂದ ಖಡಕ್ ರೊಟ್ಟಿಯ ಪೊಟ್ಟಣ, ಶೇಂಗಾ ಹಿಂಡಿ ತೆಗೆದು ಉಂಡರು. ಆ ರಾತ್ರಿ ನನಗೆ ಇಂದಿಗೂ ನೋಯುತ್ತದೆ.

ಮರುದಿನ ಮುಖ್ಯ ಭೋಜನಶಾಲೆಯಲ್ಲಿ ನಡೆದದ್ದೇ ಬೇರೆ. ಹಿರಿಯ ವೇಟರ್ ಗೋವಾದವರು. ನಾಳೆಗೆ ಏನು ಬೇಕು ಎಂದು ಹಿಂದಿನ ರಾತ್ರಿಯೇ ಹೇಳಿದರೆ ಮಾಡಿಸಿಕೊಡುತ್ತೇನೆ ಎಂದರು. ಅದಾದ ಮೇಲೆ ದಿನವೂ ದಾಲ್, ಒಂದು ಪಲ್ಯ, ರೋಟಿ, ಮೊಸರು ಮೇಜಿಗೆ ಬಂದವು, ಒಂದು ಪೈಸೆ ಹೆಚ್ಚಿಲ್ಲದೆ. ತೊಗರಿಯ ಕಣಜದಿಂದ ಹೋದ ಅವ್ವ ಬೇಳೆ ಚೆನ್ನಾಗಿ ಬೆಂದಿದೆ ಎಂದದ್ದು ಸಣ್ಣ ಮಾತಲ್ಲ. ಇದು ನಮ್ಮೊಬ್ಬರ ಅದೃಷ್ಟವೇನೂ ಅಲ್ಲ. ದೊಡ್ಡ ಹಡಗುಗಳ ಅಡುಗೆಮನೆಯಲ್ಲಿ, ಬಡಿಸುವವರಲ್ಲಿ ಭಾರತೀಯರು ಬಹಳ ಮಂದಿ ಇರುತ್ತಾರೆ, ಭಾರತೀಯ ಸಸ್ಯಾಹಾರ ಎಂದು ಮೊದಲೇ ಬರೆಸಿಕೊಳ್ಳುವ ಪದ್ಧತಿಯೂ ಇದೆ. ಮಗನಿಗೆ ಈ ವಾರವೇ ಏಜೆಂಟಿನ ಮೂಲಕ ಬರೆಸಲು ಹೇಳಿ. ಹತ್ತಿದ ಮೊದಲ ರಾತ್ರಿ ಮೇಜಿನ ವೇಟರಿಗೆ ಮತ್ತೊಮ್ಮೆ ಬಾಯಲ್ಲಿ ಹೇಳಿ.

ಹಾಗಾದರೆ ಸ್ಪೆಷಾಲಿಟಿಯಲ್ಲಿ ದುಡ್ಡಿಗೆ ಸಿಗುವುದು ಏನು? ಮುಖ್ಯ ಭೋಜನಶಾಲೆ ಒಂದೊಂದು ಪಂಕ್ತಿಗೆ ಸಾವಿರ ಜನರಿಗೂ ಬಡಿಸಬೇಕಾಗಬಹುದು. ಅಡುಗೆ ದೊಡ್ಡ ಪ್ರಮಾಣದಲ್ಲಿ ಆಗಿರುತ್ತದೆ, ಗದ್ದಲವೂ ಇರುತ್ತದೆ. ಸ್ಪೆಷಾಲಿಟಿಯಲ್ಲಿ ಮೇಜುಗಳು ಕಡಿಮೆ, ಕೇಳಿದ ಮೇಲೆ ಮಾಡುತ್ತಾರೆ, ಎರಡು ಗಂಟೆ ಕೂತರೂ ಯಾರೂ ಏಳಿಸುವುದಿಲ್ಲ. ನಲವತ್ತು ವರ್ಷದ ದಾಂಪತ್ಯಕ್ಕೆ ಆ ನೆಮ್ಮದಿಯ ಎರಡು ಗಂಟೆ ಬೆಲೆಯುಳ್ಳದ್ದೇ, ಅದಕ್ಕಾಗಿಯೇ ಒಂದು ಊಟ ಕೊಳ್ಳಿ ಎಂದೆ. ಆರಿಸುವುದಾದರೆ ಇಟಾಲಿಯನ್ ಆರಿಸಿ. ಪಾಸ್ತಾ, ಬದನೆಕಾಯಿ, ಟೊಮೆಟೊ, ಚೀಸ್ ಅಲ್ಲಿನ ಮುಖ್ಯ ಅಡುಗೆಯೇ, ಮಾಂಸ ತೆಗೆದು ಉಳಿಸಿದ್ದಲ್ಲ. ಒಂದು ಎಚ್ಚರಿಕೆ: ಅಸಲಿ ಪಾರ್ಮೆಸಾನ್ ಚೀಸನ್ನು ಕರುವಿನ ಹೊಟ್ಟೆಯ ರೆನೆಟ್ ಹಾಕಿ ಹೆಪ್ಪುಗಟ್ಟಿಸುತ್ತಾರೆ. ನಿಮಗೆ ಅದು ನಡೆಯದಿದ್ದರೆ ಬೇಡವೆಂದು ಹೇಳಿ. ಜಪಾನಿ ಸೂಪಿನ ತಳದಲ್ಲಿ ಒಣಮೀನಿನ ಸಾರ ಇರುವುದು ಸಾಮಾನ್ಯ. ಥಾಯ್ ಅಡುಗೆಯಲ್ಲಿ ಮೀನಿನ ಸಾಸ್. ತೆಪ್ಪನ್ಯಾಕಿ ಎಂದು ಕಣ್ಣೆದುರೇ ಆಟವಾಡಿಸುತ್ತ ಬೇಯಿಸುತ್ತಾರಲ್ಲ, ಆ ಕಾದ ಕಬ್ಬಿಣದ ಹಲಗೆ ಎಲ್ಲರಿಗೂ ಒಂದೇ. ಪಕ್ಕದವರ ಮಾಂಸವೂ ಅದರ ಮೇಲೆಯೇ ಬೇಯುತ್ತದೆ.

ಕೆಲವು ರೆಸ್ಟೋರೆಂಟುಗಳಲ್ಲಿ ತಲೆಲೆಕ್ಕವಿಲ್ಲ, ತಿಂದ ಪದಾರ್ಥಕ್ಕೆ ಮಾತ್ರ ದರ. ಸಸ್ಯಾಹಾರಿಗಳಿಗೆ ಇದೇ ಲಾಭ. ಹಡಗು ಬಂದರಿಗೆ ಹೋಗದ ದಿನ ಮಧ್ಯಾಹ್ನ ಅದೇ ಅಡುಗೆಮನೆ ಕಡಿಮೆ ದರಕ್ಕೆ ಊಟ ಹಾಕುವುದೂ ಉಂಟು. ಮುಂಗಡವಾಗಿ ಆ್ಯಪಿನಲ್ಲಿ ಕಾಯ್ದಿರಿಸಿದರೆ ಹತ್ತಿದ ಮೇಲಿನ ದರಕ್ಕಿಂತ ಸಾಮಾನ್ಯವಾಗಿ ಕಡಿಮೆ. ಮಗ, ಸೊಸೆ ಮಾಂಸಾಹಾರಿಗಳಾಗಿದ್ದರೆ ಅವರಿಬ್ಬರಿಗೆ ಪ್ಯಾಕೇಜ್ ಲಾಭವಾಗಬಹುದು, ಅವರು ಕೊಂಡುಕೊಳ್ಳಲಿ. ಎಲ್ಲರೂ ಒಂದೇ ಕಡೆ ಉಣ್ಣಬೇಕೆಂಬ ಹಟಕ್ಕೆ ನಿಮ್ಮ ಹೆಸರಿನಲ್ಲೂ ಕೊಳ್ಳುವುದು ಬೇಡ.

ಮುಂಬೈಯಿಂದ ಹೊರಡುವ ಹಡಗಿನ ಬಗ್ಗೆಯೂ ಬೀದರ್, ಯಾದಗಿರಿಯ ಓದುಗರು ಕೇಳುತ್ತಿರುತ್ತಾರೆ. 2021ರಲ್ಲಿ ಯಾನ ಆರಂಭಿಸಿದ ಕಾರ್ಡೀಲಿಯಾ ಕಂಪನಿಯ ಹಡಗಿನಲ್ಲಿ ಭಾರತೀಯ ಅಡುಗೆ, ಜೈನ ಊಟ ಟಿಕೆಟಿನಲ್ಲೇ ಸಿಗುವುದರಿಂದ ಈ ಚಿಂತೆ ಅಷ್ಟಿಲ್ಲ.

ಖಡಕ್ ರೊಟ್ಟಿ ಒಯ್ಯುವುದಾದರೆ ಅಂಗಡಿಯಲ್ಲಿ ಸೀಲ್ ಮಾಡಿದ ಪೊಟ್ಟಣವನ್ನೇ ಒಯ್ಯಿರಿ. ಮನೆಯ ಅಡುಗೆಯನ್ನು ಹಡಗಿನವರು ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ಮೂರನೆಯ ರಾತ್ರಿಗೆ ಕಿಟಕಿ ಪಕ್ಕದ ಮೇಜನ್ನು ಈಗಲೇ ಕೇಳಿ, ವಾರ್ಷಿಕೋತ್ಸವ ಎಂದೂ ಬರೆಸಿ. ಆ ಕಡಲಿನಲ್ಲಿ ಸಿಂಗಪುರದ ಗಡಿಯಾರದಂತೆ ಸೂರ್ಯ ಏಳು, ಏಳೂವರೆಯ ಹೊತ್ತಿಗೆ ಮುಳುಗುತ್ತಾನೆ. ಆರೂವರೆಗೆ ಹೋಗಿ ಕೂತುಕೊಳ್ಳಿ.