ಕಾಕಾ, ಟೈಪಿಂಗ್ ಕ್ಲಾಸಿಗೆ ರೊಕ್ಕಾ ಕಟ್ಟಲೇನು?

ಅಣ್ಣನ ಮಗಳು ಫೋನ್ ಮಾಡಿದ್ದಳು. ಕೋರ್ಟಿನಲ್ಲಿ ಟೈಪಿಸ್ಟ್ ಹುದ್ದೆಗೆ ಅರ್ಜಿ ಹಾಕಬೇಕು ಅಂತ ಅವಳ ವಿಚಾರ. "ಕಾಕಾ, ಕ್ಲಾಸಿಗೆ ರೊಕ್ಕಾ ಕಟ್ಟಲೋ ಬ್ಯಾಡೋ? ನನಗ ಹೆಂಗೂ ಎರಡ ಬಟ್ಟಿಲೆ ಜೋರ ಟೈಪ್ ಮಾಡಾಕ ಬರ್ತೈತಿ" ಎಂದಳು. ಪರೀಕ್ಷೆಗೆ ಕೂರುವವಳು, ಕಟ್ಟು ಎಂದೆ. ಆದರೆ ಫೋನ್ ಇಟ್ಟ ಮೇಲೂ ಪ್ರಶ್ನೆ ತಲೆಯಲ್ಲೇ ಕೂತಿತ್ತು. ಪರೀಕ್ಷೆಯ ಹಂಗಿಲ್ಲದವರಿಗೆ ಇದು ಬೇಕಾ?

ನಾನು ಕಲಿತದ್ದು ಹತ್ತನೇ ಕ್ಲಾಸಿನ ಸೂಟಿಯಲ್ಲಿ, ಬೆಳಗಾವಿಯ ಟಿಳಕವಾಡಿಯ ಒಂದು ಮಹಡಿ ಮೇಲೆ. ಹತ್ತು ಹನ್ನೆರಡು ಮಷಿನ್ನು ಒಟ್ಟಿಗೆ ಶುರುವಾದರೆ ಕೆಳಗಿನ ಚಹಾದಂಗಡಿಯವನಿಗೆ ಗಿರಾಕಿಯ ಮಾತೇ ಕೇಳುತ್ತಿರಲಿಲ್ಲ. ಎ-ಎಸ್-ಡಿ-ಎಫ್, ಸೆಮಿಕೋಲನ್-ಎಲ್-ಕೆ-ಜೆ. ಮೊದಲ ವಾರ ಬರೀ ಇದೇ. ಕಳ್ಳಗಣ್ಣಲ್ಲಿ ಕೈ ನೋಡಿದರೆ ಸರ್ ಬಂದು ಕೈ ಮೇಲೆ ಟವೆಲ್ ಹೊದಿಸಿ ಹೋಗುತ್ತಿದ್ದರು. ಎಡಗೈ ಕಿರುಬೆರಳಿನಲ್ಲಿ ಜೋರಿರಲಿಲ್ಲ. ಹಾಗಾಗಿ ನನ್ನ ಹಾಳೆಯಲ್ಲಿ 'ಎ' ಅಕ್ಷರಗಳೆಲ್ಲ ಮಸುಕು ಮಸುಕು. ಹಾಳೆ ನೋಡಿದರೆ ಸಾಕು, ಯಾವ ಬೆರಳು ಸೋಮಾರಿ ಅಂತ ಸರ್‌ಗೆ ಗೊತ್ತಾಗುತ್ತಿತ್ತು.

ಎಲ್ಲ ಬೆರಳೂ ಒಂದೇ ಅಲ್ಲ. ಬೇಕಾದರೆ ಈಗಲೇ ನೋಡಿ. ಅಂಗೈಯನ್ನು ಮೇಜಿನ ಮೇಲೆ ಊರಿ, ನಡುಬೆರಳನ್ನು ಮಾತ್ರ ಒಳಗೆ ಮಡಚಿ. ಹೆಬ್ಬೆರಳು ಎತ್ತಿ, ಬಂತು. ತೋರುಬೆರಳು, ಕಿರುಬೆರಳು, ಅವೂ ಬಂದವು. ಈಗ ಉಂಗುರದ ಬೆರಳು ಎತ್ತಿ. ಅಂಟು ಹಾಕಿದ ಹಾಗೆ ಮೇಜಿಗೆ ಕಚ್ಚಿಕೊಂಡಿರುತ್ತದೆ. ಬೆರಳನ್ನು ಮೇಲೆತ್ತುವ ಸ್ನಾಯುರಜ್ಜುಗಳು ಕೈಯ ಹಿಂಬದಿಯಲ್ಲಿ ಒಂದಕ್ಕೊಂದು ಕಟ್ಟಿಕೊಂಡಿವೆ. ಪಕ್ಕದವನು ಮಡಚಿಕೊಂಡರೆ ಇವನೂ ಏಳಲಾರ. ಇಂಥ ಬೆರಳಿಗೂ ಕೆಲಸ ಹಂಚಿದ್ದು ಟೈಪಿಂಗ್ ಪುಸ್ತಕ. ಎರಡು ಬೆರಳಿನವರು ತೋರುಬೆರಳನ್ನೇ ನಂಬಿಕೊಂಡಿರುವುದು ಸುಮ್ನೆ ಅಲ್ಲ.

ಹಾಗಿದ್ದರೂ ಎಲ್ಲ ಬೆರಳು ಬಳಸಿ, ಕೀಲಿ ನೋಡದೆ ಟೈಪ್ ಮಾಡುವ ಈ ಪದ್ಧತಿಗೆ ಅಷ್ಟು ಹೆಸರು ಬಂದದ್ದು ಹೇಗೆ? ಅದರ ಹಿಂದೆಯೂ ಕೋರ್ಟಿನವನೇ ಒಬ್ಬ ಇದ್ದಾನೆ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ಕೋರ್ಟ್ ಸ್ಟೆನೋಗ್ರಾಫರ್ ಆಗಿದ್ದ ಫ್ರಾಂಕ್ ಮೆಕ್‌ಗರಿನ್. 1888ರ ಜುಲೈ 25ರಂದು ಸಿನ್ಸಿನಾಟಿಯಲ್ಲಿ ಲೂಯಿ ಟ್ರಾಬ್ ಎಂಬ ಟೈಪಿಂಗ್ ಮಾಸ್ತರನ ಜೊತೆ 500 ಡಾಲರ್ ಪಂದ್ಯಕ್ಕೆ ಕೂತ. ಕೀಲಿಗಳ ಜಾಗವೆಲ್ಲ ಬಾಯಿಪಾಠ. ಕಣ್ಣು ಹಾಳೆ ಬಿಟ್ಟು ಅಲ್ಲಾಡಲಿಲ್ಲ. ಸಲೀಸಾಗಿ ಗೆದ್ದ. ಅಂದಿನಿಂದ ನೋಡದೆ ಟೈಪ್ ಮಾಡುವುದೇ ಸರಿಯಾದ ಟೈಪಿಂಗ್ ಎಂದಾಯಿತು. ಅವನು ಗೆದ್ದದ್ದು ಬೆರಳು ಜಾಸ್ತಿ ಬಳಸಿದ್ದಕ್ಕೋ, ಕಣ್ಣು ಎತ್ತದೇ ಇದ್ದದ್ದಕ್ಕೋ? ಇವೆರಡನ್ನೂ ಯಾರೂ ಬಿಡಿಸಿ ನೋಡಲಿಲ್ಲ.

ಬಿಡಿಸಿ ನೋಡಿದ್ದು ತೀರ ಈಚೆಗೆ. ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದವರು 30 ಜನರ ಬೆರಳುಗಳ ಚಲನೆಯನ್ನು ಕ್ಯಾಮೆರಾಗಳಲ್ಲಿ ಹಿಡಿದು 2016ರಲ್ಲಿ ವರದಿ ಮಾಡಿದರು. ಕ್ಲಾಸಿಗೆ ಹೋಗಿ ಕಲಿತವರ ಜೊತೆಗೆ ತಾವೇ ಕಲಿತವರೂ ಅದರಲ್ಲಿದ್ದರು. ಐದಾರು ಬೆರಳಿನಲ್ಲಿ ಟೈಪ್ ಮಾಡುವ ಕೆಲವರು ಹತ್ತು ಬೆರಳಿನವರಷ್ಟೇ ಚುರುಕಾಗಿದ್ದರು! ಒಂದು ಅಕ್ಷರಕ್ಕೆ ಯಾವಾಗಲೂ ಅದೇ ಬೆರಳು ಹೋಗುತ್ತಿದ್ದರೆ, ಕೈ ಅತ್ತಿತ್ತ ಜಾಸ್ತಿ ಓಡಾಡದಿದ್ದರೆ ವೇಗ ತಾನಾಗಿ ಬರುತ್ತದೆ. ಬೆರಳೆಷ್ಟು ಅನ್ನುವುದು ಆಮೇಲಿನ ಮಾತು. ಆದರೆ ಕ್ಲಾಸಿನಲ್ಲಿ ಕಲಿತವರಿಗೆ ಒಂದು ಲಾಭ ಉಳಿದೇ ಇತ್ತು. ಅವರು ಕೀಬೋರ್ಡ್ ಕಡೆ ನೋಡುತ್ತಿದ್ದದ್ದು ಕಡಿಮೆ.

ಹಾಗಾದರೆ ಕ್ಲಾಸಿನ ಖರ್ಚು ವಸೂಲಾಗುತ್ತದಾ? ಟೈಪಿಂಗ್ ಲೆಕ್ಕದಲ್ಲಿ ಒಂದು ಪದವೆಂದರೆ 5 ಸಲ ಕೀಲಿ ಒತ್ತುವುದು. ನೀವು ದಿನಕ್ಕೆ ಅಂಥ 1000 ಪದ ಟೈಪ್ ಮಾಡುತ್ತೀರಿ ಅಂದುಕೊಳ್ಳಿ. ನಿಮಿಷಕ್ಕೆ 20 ಪದವಾದರೆ 50 ನಿಮಿಷ ಬೇಕು. 40 ಪದಕ್ಕೆ ಏರಿದರೆ 25 ನಿಮಿಷ. ಕಲಿಯಲು 40 ಗಂಟೆ ಹಾಕಿದರೂ ನೂರು ದಿನದೊಳಗೆ ವಸೂಲು. ಆದರೆ ಈಗಾಗಲೇ 40ರಲ್ಲಿ ಇರುವವರು 60ಕ್ಕೆ ಏರಿದರೆ ಉಳಿಯುವುದು ದಿನಕ್ಕೆ 8 ನಿಮಿಷ. ಅದೇ 40 ಗಂಟೆ ವಸೂಲಾಗಲು 300 ದಿನ. ಅದೂ ನೋಡಿಕೊಂಡು ನಕಲು ಮಾಡುವ ಕೆಲಸವಾದರೆ. ಸ್ವಂತ ಬರೆಯುವಾಗ ನನ್ನ ಬೆರಳು ಯಾವತ್ತೂ ಮುಂದೆ ಹೋಗಿ ನಿಂತಿರುತ್ತದೆ, ತಲೆ ಹಿಂದಿನಿಂದ ಕುಂಟುತ್ತ ಬರುತ್ತದೆ.

ಇಷ್ಟೂ ಇಂಗ್ಲಿಷಿನ ಲೆಕ್ಕ. ಕನ್ನಡಕ್ಕೆ ಬಂದರೆ ಕಥೆಯೇ ಬೇರೆ. ನಮ್ಮ ಕೀಬೋರ್ಡುಗಳ ಮೇಲೆ ಕನ್ನಡ ಅಕ್ಷರ ಅಚ್ಚಾಗಿರುವುದು ಅಪರೂಪ. ನೋಡಿದರೂ ಕಾಣುವುದು ಇಂಗ್ಲಿಷೇ. ಕೆ.ಪಿ. ರಾವ್ ಅವರು ಮಾಡಿದ ಕನ್ನಡ ಕೀಲಿ ವಿನ್ಯಾಸವನ್ನು ಅನುಸರಿಸುವ 'ನುಡಿ' ತಂತ್ರಾಂಶದಲ್ಲಿ 'ಬೆಳಗಾವಿಯಲ್ಲಿ' ಎಂದು ಬರೆಯಲು 12 ಒತ್ತು ಬೇಕು, ಮೇಲೆ ಎರಡು ಸಲ ಶಿಫ್ಟ್. ಟೈಪಿಂಗ್ ಲೆಕ್ಕದಲ್ಲಿ ಒಂದೇ ಮಾತು ಎರಡು ಪದ ದಾಟಿತು. ಕೊನೆಯ 'ಲ್ಲಿ'ಗೆ ಎಲ್, ಎಫ್, ಎಲ್, ಐ. ನಡುವಿನ ಆ ಎಫ್ ಒತ್ತಕ್ಷರ ಕಟ್ಟುವ ಕೀಲಿ. ಕೀಬೋರ್ಡ್ ಸವರಿ ನೋಡಿ, ಎಫ್ ಮೇಲೆ ಒಂದು ಸಣ್ಣ ಉಬ್ಬುಗೆರೆ ಇದೆ. ಕುರುಡುಗತ್ತಲಲ್ಲೂ ಎಡಗೈ ತೋರುಬೆರಳಿಗೆ ಮನೆ ಸಿಗಲಿ ಅಂತ ಮಾಡಿದ್ದು. ಹೆಜ್ಜೆಗೊಂದು ಒತ್ತಕ್ಷರ ಬೇಡುವ ಭಾಷೆಗೆ ಅದರ ಕೀಲಿ ಬೆರಳು ಕೂತ ಜಾಗದಲ್ಲೇ ಸಿಕ್ಕಿದೆ. ಆದರೆ ಬೆರಳು ಅಲ್ಲಿ ಕೂರುವುದನ್ನು ಕಲಿತವರಿಗೆ ಮಾತ್ರ ಆ ಸುಖ.

ಬೆಳಗಾವಿಯಂಥ ಎರಡು ಭಾಷೆಯ ಊರಿನಲ್ಲಿ ಇನ್ನೊಂದು ದಾರಿಯೂ ಇದೆ, ಇನ್‌ಸ್ಕ್ರಿಪ್ಟ್ ಅಂತ, ಭಾರತದ ಹಲವು ಭಾಷೆಗಳಿಗೆ ಒಂದೇ ಮಾದರಿಯ ಕೀಲಿ ಜೋಡಣೆ. ಅದರಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಹೆಚ್ಚಾಗಿ ಬಲಗೈಗೆ. ಕನ್ನಡದ 'ಕ' ಎಲ್ಲಿದೆಯೋ ಮರಾಠಿಯ 'ಕ'ವೂ ಅಲ್ಲೇ. ಒಂದು ಭಾಷೆಯಲ್ಲಿ ಬೆರಳು ಪಳಗಿದರೆ ಇನ್ನೊಂದಕ್ಕೆ ಹೊಸದಾಗಿ ಕಲಿಯುವುದು ಕಡಿಮೆ. ಇದನ್ನು ನಮ್ಮೂರಲ್ಲಿ ಜಾಸ್ತಿ ಜನ ಬಳಸಬೇಕಿತ್ತು ಅಂತ ನನಗನ್ನಿಸುತ್ತದೆ.

ಬೆರಳು ಪಳಗುವುದು ಅಂದರೇನು ಎಂಬುದೂ ಮಜಾ ಇದೆ. ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದವರು ಚೆನ್ನಾಗಿ ಟೈಪ್ ಮಾಡುವವರ ಕೈಗೆ ಖಾಲಿ ಕೀಬೋರ್ಡಿನ ಚಿತ್ರ ಕೊಟ್ಟು, ಅಕ್ಷರ ತುಂಬಿ ಎಂದರು. 26ರಲ್ಲಿ ಸರಾಸರಿ 15 ಮಾತ್ರ ಸರಿಯಾದವು. ನಿಮಿಷಕ್ಕೆ 72 ಪದ ಟೈಪ್ ಮಾಡುವ ಜನ ಇವರು! ಇನ್ನೊಂದು ಪ್ರಯೋಗದಲ್ಲಿ ಪರದೆಯ ಮೇಲೆ ಗುಟ್ಟಾಗಿ ತಪ್ಪು ಸೇರಿಸಿದರು, ಮಾಡಿದ ತಪ್ಪನ್ನು ಗುಟ್ಟಾಗಿ ತಿದ್ದಿದರು. ಜನ ಪರದೆಯನ್ನೇ ನಂಬಿದರು. ಬೆರಳು ನಂಬಲಿಲ್ಲ. ನಿಜವಾಗಿ ತಪ್ಪಿದ ಮೇಲೆ ಮಾತ್ರ ಅದು ಒಂದು ಗಳಿಗೆ ನಿಧಾನವಾಗುತ್ತಿತ್ತು. ನನ್ನನ್ನೇ ಕೇಳಿ, ನುಡಿಯಲ್ಲಿ 'ಳ' ಎಲ್ಲಿದೆ ಅಂತ. ಮೇಜಿನ ಮೇಲೆ ಬೆರಳಾಡಿಸಿ ನೋಡದೆ ಹೇಳಲಾರೆ.

ಅಣ್ಣನ ಮಗಳು ಕ್ಲಾಸಿಗೆ ಸೇರಿದ್ದಾಳೆ. ಮನೆಯಲ್ಲಿ ಅಭ್ಯಾಸ ಮಾಡುವಾಗ ಕೈ ಮೇಲೆ ವೇಲ್ ಹೊದ್ದುಕೊಂಡು ಕೂರು ಎಂದಿದ್ದೆ. ಮೊನ್ನೆ ಫೋನ್ ಬಂತು. ಎರಡು ಬೆರಳಲ್ಲಿ 28 ಇದ್ದ ವೇಗ ಈಗ 11ಕ್ಕೆ ಇಳಿದಿದೆಯಂತೆ. "ಕಾಕಾ, ಎರಡ ಬಟ್ಟೇ ಚಲೋ ಇದ್ವು" ಎಂದು ಸಿಟ್ಟಿನಿಂದ ಫೋನಿಟ್ಟಳು.